‘ನಮ್ಮೂರ ಕಲ್ಲಿನ ಮೇಲೆ ನಿಧಿ ಅಂತ ಬರೆದೈತಂತ, ಖರೇನಾ?’

ಪ್ರಶ್ನೆ: ಸರ್, ನಮ್ಮದು ಗಂಗಾವತಿ ತಾಲ್ಲೂಕಿನ ಹಳ್ಳಿ. ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಮಗ ಒಂಬತ್ತನೇ ಕ್ಲಾಸು. ಸಮಾಜ ವಿಜ್ಞಾನದ ಪುಸ್ತಕ ಮುಟ್ಟುವುದಿಲ್ಲ, ಮೊಬೈಲಿನಲ್ಲಿ ಇತಿಹಾಸದ ವಿಡಿಯೊ ಬಂದರೆ ಮಾತ್ರ ಊಟ ಬಿಟ್ಟು ನೋಡುತ್ತಾನೆ. ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳನ್ನು ಬೇರೆ ಗ್ರಹದವರು ಕಟ್ಟಿದ್ದಂತೆ, ಹಂಪಿಯಲ್ಲಿ ಮುತ್ತುರತ್ನ ಬಳ್ಳದಲ್ಲಿ ಅಳೆದು ಮಾರುತ್ತಿದ್ದರಂತೆ, ಹೀಗೆ ದಿನಕ್ಕೊಂದು. ಮೇಷ್ಟ್ರ ಜೊತೆ ವಾದ ಹಾಕಿ ಬೈಸಿಕೊಂಡೂ ಬಂದ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಹೋದ ತಿಂಗಳು ನಮ್ಮೂರ ಹನುಮಪ್ಪನ ಗುಡಿ ಮುಂದಿನ ಶಾಸನದ ಕಲ್ಲನ್ನು ಯಾರೋ ವಿಡಿಯೊ ಮಾಡಿ, ‘ಇದರಲ್ಲಿ ನಿಧಿ ಅಂತ ಬರೆದಿದೆ, ಆಕಳು ಮುಖ ಮಾಡಿದ ದಿಕ್ಕಿಗೆ ಅಗೆದರೆ ಸಿಗುತ್ತದೆ’ ಎಂದು ಹಾಕಿದ್ದಾರೆ. ಊರಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅದೇ ಮಾತು. ಹುಡುಗರು ಕಲ್ಲಿಗೆ ಅರಿಶಿನ, ಎಣ್ಣೆ ಬಳಿದು ಅಕ್ಷರ ಓದಲು ಹೊರಟಿದ್ದಾರೆ. ಮಗನೂ ಅವರ ಜೊತೆ. ತಾನೂ ಒಂದು ಚಾನೆಲ್ ಮಾಡುತ್ತೇನೆ ಅನ್ನುತ್ತಿದ್ದಾನೆ. ಕಲ್ಲಿನಲ್ಲಿ ಖರೇನೇ ನಿಧಿ ಅಂತ ಇದೆಯಾ? ಮೊಬೈಲಿನಲ್ಲಿ ಬರುವ ಇತಿಹಾಸ ಎಲ್ಲಾ ಸುಳ್ಳಾ? ಮೊಬೈಲ್ ಕಸಿದುಕೊಂಡು ಬಿಡಲಾ? ಕಲ್ಲಿನ ಫೋಟೊ ಕಳಿಸಿದ್ದೇನೆ.

ಉತ್ತರ: ಮೊದಲು ಕಲ್ಲಿನ ವಿಷಯ ಮುಗಿಸೋಣ. ಹುಡುಗನ ಓದು ಒಂದೆರಡು ವಾರ ಕಾಯುತ್ತದೆ, ಕಲ್ಲು ಕಾಯುವುದಿಲ್ಲ. ಹಾರೆ ಹಿಡಿದ ನಾಲ್ಕು ಮಂದಿಗೆ ಒಂದು ಅಮಾವಾಸ್ಯೆ ರಾತ್ರಿ ಸಾಕು.

ಎಣ್ಣೆ ಮೆತ್ತಿದ್ದರಿಂದ ನಿಮ್ಮ ಫೋಟೊದಲ್ಲಿ ಅರ್ಧ ಅಕ್ಷರ ಕಾಣುವುದಿಲ್ಲ. ಕಂಡಷ್ಟನ್ನು ಓದಿದೆ. ಹೌದು, ‘ನಿಧಿ ನಿಕ್ಷೇಪ’ ಎಂದೇ ಇದೆ. ವಿಡಿಯೊದವರು ಓದಿದ್ದು ತಪ್ಪಲ್ಲ, ಅಷ್ಟು ಓದಿ ನಿಲ್ಲಿಸಿದ್ದು ತಪ್ಪು. ಅದರ ಮುಂದಿನ ಪದ ‘ಜಲ’, ಆಮೇಲೆ ‘ಪಾಷಾಣ’, ಆಮೇಲೆ ‘ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ’. ಒಟ್ಟು ಎಂಟು. ಇವನ್ನೇ ಅಷ್ಟಭೋಗ ತೇಜಸ್ವಾಮ್ಯ ಅನ್ನುವುದು. ವಿಜಯನಗರ ಕಾಲದ ಭೂದಾನದ ಶಾಸನಗಳಲ್ಲಿ ಈ ಸಾಲು ಮತ್ತೆ ಮತ್ತೆ ಬರುತ್ತದೆ. ಗುಡಿಗೋ ಬ್ರಾಹ್ಮಣರಿಗೋ ಒಂದು ಹೊಲ ಬಿಟ್ಟುಕೊಟ್ಟರು ಎಂದಿಟ್ಟುಕೊಳ್ಳಿ. ಆ ಹೊಲದಲ್ಲಿ ಹೂತ ಹಣ ಸಿಕ್ಕರೆ ಅದು, ಯಾರಾದರೂ ಇಟ್ಟುಹೋದದ್ದು ಇದ್ದರೆ ಅದು, ಬಾವಿಯ ನೀರು, ಕಲ್ಲು, ಸವೆಯದ ಆದಾಯ, ಮುಂದೆ ಬರುವ ಆದಾಯ, ಈಗ ಸಾಗುವಳಿ ಆಗಿರುವುದು, ಮುಂದೆ ಸಾಗುವಳಿ ಮಾಡಬಹುದಾದದ್ದು ಎಲ್ಲದರ ಹಕ್ಕೂ ದಾನ ಪಡೆದವರಿಗೇ ಸೇರಿದ್ದು ಎಂದು ಅದರ ಅರ್ಥ. ಅಲ್ಲಿ ನಿಧಿ ಇದೆ ಎಂದು ಯಾರೂ ಹೇಳುತ್ತಿಲ್ಲ. ಇದ್ದರೆ ಯಾರದ್ದು ಎಂದು ಹೇಳುತ್ತಿದ್ದಾರೆ.

ನಂಬಿಕೆ ಬರದಿದ್ದರೆ ನಿಮ್ಮ ಅಂಗಡಿ ಜಾಗದ ಕ್ರಯಪತ್ರವನ್ನು ಕಪಾಟಿನಿಂದ ತೆಗೆದು ನೋಡಿ. ಕನ್ನಡದಲ್ಲಿ ಬರೆಸಿದ ಪತ್ರವಾಗಿದ್ದರೆ ಚೆಕ್ಕುಬಂದಿಯ ಆಸುಪಾಸಿನಲ್ಲಿ ‘ಜಲ, ತರು, ಪಾಷಾಣ, ನಿಧಿ, ನಿಕ್ಷೇಪ’ ಎಂಬ ಸಾಲು ಇರುವ ಸಾಧ್ಯತೆ ಹೆಚ್ಚು. ಪತ್ರ ಬರಹಗಾರರು ಕಣ್ಣು ಮುಚ್ಚಿಕೊಂಡು ಬರೆಯುವ ಸಾಲು ಅದು. ಅದನ್ನು ಓದಿಕೊಂಡು ಯಾರೂ ಯೂರಿಯಾ ಚೀಲ ಸರಿಸಿ ಅಂಗಡಿ ನೆಲ ಅಗೆಯುವುದಿಲ್ಲ. ಕಲ್ಲಿನ ಮೇಲಿನದ್ದೂ ಅದೇ ಸಾಲು, ಐದು ನೂರು ವರ್ಷ ಹಳೆಯದು, ಅಷ್ಟೇ ವ್ಯತ್ಯಾಸ. ಆ ಕ್ರಯಪತ್ರವನ್ನು ಹುಡುಗನ ಕೈಗೆ ಕೊಟ್ಟು ಅವನಿಂದಲೇ ಓದಿಸಿ. ನಾನು ಹತ್ತು ಪುಟ ಬರೆದರೂ ಅಷ್ಟು ತಾಗುವುದಿಲ್ಲ.

ಮೇಲ್ಭಾಗದ ಸೂರ್ಯ, ಚಂದ್ರ ಕೂಡ ಗುರುತಿನ ನಕ್ಷೆಯಲ್ಲ. ‘ಆಚಂದ್ರಾರ್ಕ’ ಎಂಬ ಮಾತಿನ ಚಿತ್ರ ಅದು. ಸೂರ್ಯ ಚಂದ್ರರು ಇರುವವರೆಗೆ ಈ ದಾನ ನಡೆಯಲಿ ಎಂದರ್ಥ. ಹಾಲು ಕುಡಿಸುವ ಆಕಳು ಕರು ನಮ್ಮ ಸೀಮೆಯ ನೂರಾರು ದಾನಶಾಸನಗಳ ನೆತ್ತಿಯ ಮೇಲಿವೆ. ಅವು ನೋಡುವ ದಿಕ್ಕಿಗೆಲ್ಲ ಬಂಗಾರ ಇದ್ದಿದ್ದರೆ ಕೊಪ್ಪಳ ಜಿಲ್ಲೆಯಲ್ಲಿ ಬಿತ್ತಲು ಹೊಲ ಉಳಿಯುತ್ತಿರಲಿಲ್ಲ.

ಈ ಮಾತನ್ನು ತಮಾಷೆಗೆ ಹೇಳುತ್ತಿಲ್ಲ. ಶಾಸನದ ಪಡಿಯಚ್ಚು ತೆಗೆಯಲು ಹಳ್ಳಿ ತಿರುಗುತ್ತಿದ್ದ ದಿನಗಳಲ್ಲಿ ಒಮ್ಮೆ, ಹಿಂದಿನ ವರ್ಷವಷ್ಟೇ ನೋಡಿ ಬಂದಿದ್ದ ವೀರಗಲ್ಲಿನ ಬಳಿಗೆ ಮತ್ತೆ ಹೋದೆ. ಕಲ್ಲು ಮುಖ ಅಡಿಯಾಗಿ ಬಿದ್ದಿತ್ತು. ಅದು ನಿಂತಿದ್ದ ಜಾಗದಲ್ಲಿ ಎದೆಮಟ್ಟದ ಗುಂಡಿ, ಮಳೆ ನೀರು ತುಂಬಿ ಕಪ್ಪೆ ಕೂಗುತ್ತಿದ್ದವು. ಪಕ್ಕದಲ್ಲಿ ಒಡೆದ ತೆಂಗಿನಕಾಯಿ, ಕೊಯ್ದ ಲಿಂಬೆಹಣ್ಣು, ಖಾಲಿ ಗುಟ್ಕಾ ಚೀಟಿ. ಅಗೆದು ಹಾಕಿದ ಮಣ್ಣನ್ನು ಕಾಲಲ್ಲಿ ಕೆದಕಿ ನೋಡಿದೆ: ಮೊರಂ, ಬರೀ ಮೊರಂ. ಕಲ್ಲನ್ನು ಆರು ಜನ ಸೇರಿ ಮಗುಚಿದಾಗ ವೀರನ ಮುಖ, ಕತ್ತಿ ಹಿಡಿದ ಕೈ ಎರಡೂ ಇರಲಿಲ್ಲ. ದನ ಬಿಡಿಸಿಕೊಳ್ಳಲು ಹೋಗಿ ಸತ್ತವನೊಬ್ಬನ ಗುರುತು ಅದು. ಅವನ ಹೆಸರಿದ್ದ ಸಾಲು ಹಾರೆಯ ಮೊನೆಗೆ ಚಕ್ಕೆ ಎದ್ದು ಹೋಗಿತ್ತು. ಹಿಂದಿನ ವರ್ಷದ ನನ್ನ ಪಡಿಯಚ್ಚಿನಲ್ಲಿ ಮಾತ್ರ ಅದು ಉಳಿದಿದೆ.

ಕಾನೂನನ್ನೂ ಒಂದು ಮಾತಲ್ಲಿ ಹೇಳಿಬಿಡುತ್ತೇನೆ, ಗ್ರೂಪಿನಲ್ಲಿ ಹಾಕಲು ನಿಮಗೆ ಬೇಕಾಗಬಹುದು. ನೆಲದಲ್ಲಿ ಹುದುಗಿದ್ದು ಯಾರಿಗೆ ಸಿಕ್ಕರೂ ಸರ್ಕಾರಕ್ಕೆ ತಿಳಿಸಬೇಕು, ಅದಕ್ಕೆಂದೇ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಸ್ಮಾರಕಕ್ಕೆ ಕೈ ಹಚ್ಚುವುದು ಬೇರೆ ಅಪರಾಧ. ಹಂಪಿಯಲ್ಲಿ ಕಂಬ ಉರುಳಿಸಿ ವಿಡಿಯೊ ಮಾಡಿಕೊಂಡ ಹುಡುಗರ ಕಥೆ ನಿಮಗೆ ನೆನಪಿರಬೇಕು. 2019ರಲ್ಲಿ ಆ ವಿಡಿಯೊ ಹರಿದಾಡಿ ನಾಲ್ವರು ಸಿಕ್ಕಿಬಿದ್ದರು, ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಬೀಳಿಸಿದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ಅವರನ್ನು ಹಿಡಿದುಕೊಟ್ಟಿದ್ದೂ ಮೊಬೈಲೇ.

ಇನ್ನು ನಿಮ್ಮ ಮಗ.

ಅವನು ಹೇಳುವುದೆಲ್ಲ ಒಂದೇ ಜಾತಿಯ ಸುಳ್ಳಲ್ಲ, ಅದಕ್ಕೇ ಅವನ ಜೊತೆ ವಾದ ಮಾಡುವುದು ಕಷ್ಟ. ಹಿರೇಬೆಣಕಲ್ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಹಿರಿಯರು ಆ ಗುಡ್ಡವನ್ನು ಮೋರ್ಯರ ಗುಡ್ಡ ಅನ್ನುತ್ತಿದ್ದರು. ಮೋರ್ಯರೆಂದರೆ ಗಿಡ್ಡ ಜನ, ಅವರು ಆ ಪುಟ್ಟ ಕಲ್ಲುಮನೆಗಳಲ್ಲಿ ಇದ್ದರು ಅನ್ನುವುದು ಕಥೆ. ಆ ಕಥೆ ಹುಟ್ಟಿದ್ದಕ್ಕೆ ಕಾರಣ ಕಣ್ಣಿಗೇ ಕಾಣುತ್ತದೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದಾರೆ, ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಅದನ್ನು ಬಾಗಿಲು ಅಂದುಕೊಂಡರೆ ಒಳಗಿರುವವರು ಗಿಡ್ಡರೇ ಆಗಿರಬೇಕಲ್ಲ! ಆದರೆ ಅವು ಬದುಕಿದವರ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದವು. ಕಬ್ಬಿಣ ಬಳಸಲು ಕಲಿತ ಕಾಲದ ಜನರ ಬೃಹತ್ ಶಿಲಾ ಸಮಾಧಿಗಳು. ಸುಮಾರು 400 ಇವೆ. 19ನೇ ಶತಮಾನದಲ್ಲೇ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಇವುಗಳ ಬಗ್ಗೆ ಬರೆದಿದ್ದ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಅಲ್ಲಿನ ಬಂಡೆಯನ್ನೇ ಚಪ್ಪಡಿಯಾಗಿ ಎಬ್ಬಿಸಿ, ಅಲ್ಲೇ ನಿಲ್ಲಿಸಿದ್ದು. ಇದಕ್ಕೆ ಬೇರೆ ಗ್ರಹದವರು ಬರಬೇಕಿಲ್ಲ. ನಮ್ಮ ಕಲ್ಲು ಒಡೆಯುವವರು ಇವತ್ತಿಗೂ ಬಂಡೆಯ ಮೇಲೆ ಬೆಂಕಿ ಹಾಕಿ ಪದರ ಎಬ್ಬಿಸುವುದನ್ನು ನೀವು ನೋಡಿರಬಹುದು.

ಈಗ ಗಮನಿಸಿ, ಗಿಡ್ಡ ಜನರ ಕಥೆಗೂ ಬೇರೆ ಗ್ರಹದ ಕಥೆಗೂ ನಾನು ಒಂದೇ ಬೆಲೆ ಕೊಡುವುದಿಲ್ಲ. ಮೋರ್ಯರ ಕಥೆ ಈ ಸೀಮೆಯ ಜನ ತಲೆಮಾರುಗಟ್ಟಲೆ ಹೇಳಿಕೊಂಡು ಬಂದದ್ದು. ಅದು ಸಮಾಧಿಯ ಇತಿಹಾಸ ಅಲ್ಲ, ಆ ಸಮಾಧಿಯನ್ನು ನಮ್ಮವರು ಹೇಗೆ ಕಂಡರು ಎಂಬುದರ ಇತಿಹಾಸ. ಬರೆದಿಡಬೇಕಾದದ್ದು. ಇನ್ನೊಂದು, ಯಾರೋ ಎಲ್ಲೋ ಕುಳಿತು ಈಜಿಪ್ಟಿನ ಪಿರಮಿಡ್ಡಿಗೆ ಹೊಲಿದ ಅಂಗಿಯನ್ನು ನಮ್ಮ ಗುಡ್ಡಕ್ಕೆ ತೊಡಿಸಿದ್ದು. ಮೂರನೆಯದೂ ಒಂದು ಈಗ ಶುರುವಾಗಿದೆ: ‘ಮೋರ್ಯ ಎಂದರೆ ಮೌರ್ಯ, ಅಶೋಕನ ಸೈನಿಕರ ಸಮಾಧಿ’. ಕೊಪ್ಪಳದ ಗವಿಮಠದ ಗುಡ್ಡದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿರುವುದರಿಂದ ಇದು ಕೇಳಲು ಚೆನ್ನಾಗಿದೆ. ಆದರೆ ಇಂಥ ಸಮಾಧಿ ಕಟ್ಟುವ ರೂಢಿ ನಮ್ಮಲ್ಲಿ ಅಶೋಕನಿಗಿಂತ ಶತಮಾನಗಳ ಮೊದಲೇ ಶುರುವಾಗಿತ್ತು.

ಕುಡುತಿನಿಯ ಬೂದಿದಿಬ್ಬಕ್ಕೂ ಹೀಗೇ ಆಗಿದೆ. ಅದು ಹಿಡಿಂಬಾಸುರನನ್ನು ಸುಟ್ಟ ಬೂದಿ ಎನ್ನುತ್ತಿದ್ದರು, ಹಂಪಿ ಬಳಿಯ ನಿಂಬಾಪುರದ್ದು ವಾಲಿಯ ಚಿತೆಯದು. ಅಗೆದು ನೋಡಿದ ಮೇಲೆ ಗೊತ್ತಾಗಿದ್ದು, ಅವು ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನ ಸಾಕಿದವರು ಸುಟ್ಟ ಸಗಣಿಯ ರಾಶಿ. ರಾಕ್ಷಸನಿಗಿಂತ ಸಗಣಿ ಕಡಿಮೆ ಆಕರ್ಷಕ, ಒಪ್ಪುತ್ತೇನೆ. ನನಗೆ ಮಾತ್ರ ಸಗಣಿಯೇ ಇಷ್ಟ. ಇಂಥ ದೊಡ್ಡಿಗಳ ಮಣ್ಣಿನಲ್ಲಿ ದನದ ಗೊರಸಿನ ಗುರುತುಗಳೂ ಸಿಕ್ಕಿವೆ.

ಮುತ್ತುರತ್ನದ್ದು ಇನ್ನೊಂದು ಬಗೆ. ಅಲ್ಲಿ ಮುಕ್ಕಾಲು ಪಾಲು ನಿಜವೇ. 1443ರಲ್ಲಿ ಇಮ್ಮಡಿ ದೇವರಾಯನ ಕಾಲದಲ್ಲಿ ಬಂದ ಪರ್ಶಿಯಾದ ಅಬ್ದುರ್ ರಜಾಕ್, ಬಜಾರಿನಲ್ಲಿ ರತ್ನದ ವ್ಯಾಪಾರಿಗಳು ಮುತ್ತು, ಕೆಂಪು, ವಜ್ರವನ್ನು ಬಹಿರಂಗವಾಗಿ ಮಾರುತ್ತಿದ್ದರು ಎಂದು ಬರೆದಿದ್ದಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪಯಣಿಗ ಡೊಮಿಂಗೊ ಪಾಯಸ್ ಕೂಡ ಹೆಚ್ಚೂಕಡಿಮೆ ಅದನ್ನೇ ಹೇಳುತ್ತಾನೆ. ಬೀದಿ ಅವರದ್ದು, ಬಳ್ಳ ನಮ್ಮದು. ಮಳೆ ನಂಬಿ ಬದುಕುವ ಸೀಮೆಯಲ್ಲಿ ಸಮೃದ್ಧಿ ಎಂದರೆ ಕಣದಲ್ಲಿ ಜೋಳ ಅಳೆಯುವ ಚಿತ್ರವೇ ಕಣ್ಣಿಗೆ ಬರುವುದು. ರತ್ನವನ್ನೂ ಅದರಲ್ಲೇ ಅಳೆದುಬಿಟ್ಟರು. ನಿಮ್ಮ ಮಗನ ಮೇಷ್ಟ್ರು ‘ಎಲ್ಲಾ ಸುಳ್ಳು’ ಅಂದಿದ್ದರೆ ಅದೂ ತಪ್ಪು, ಮಗ ‘ಎಲ್ಲಾ ನಿಜ’ ಅಂದದ್ದೂ ತಪ್ಪು. ಇಬ್ಬರಲ್ಲಿ ಒಬ್ಬರಾದರೂ ‘ಇದನ್ನು ಮೊದಲು ಹೇಳಿದವರು ಯಾರು’ ಎಂದು ಕೇಳಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಮೊದಲು ಹೇಳಿದವರು ಯಾರು, ಅವರು ಕಣ್ಣಾರೆ ಕಂಡವರೋ, ನೂರು ವರ್ಷ ಬಿಟ್ಟು ಕೇಳಿ ಬರೆದವರೋ? ನಾನು ಕ್ಲಾಸಿನಲ್ಲಿ ಕಲಿಸಿದ್ದರಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ ಇರಬೇಕು. ಇದನ್ನು ನಾನು ಕಲಿತದ್ದು ಮಾತ್ರ ಮುಖಭಂಗ ಆದಮೇಲೆ. ಬಳ್ಳಾರಿ ಕೋಟೆಯ ಕಥೆ ನಿಮಗೂ ಗೊತ್ತಿರುತ್ತದೆ: ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರನಿಂದ ಕೋಟೆ ಬಲಪಡಿಸಿದ, ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇದೆ ಅಂತ ಗೊತ್ತಾಯಿತು, ಸಿಟ್ಟಿಗೆದ್ದು ಅವನನ್ನು ಗಲ್ಲಿಗೇರಿಸಿದ. ವರ್ಷಗಟ್ಟಲೆ ಇದನ್ನು ನಾನು ಪಾಠವಾಗಿಯೇ ಹೇಳಿದೆ. ಹುಡುಗರು ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದರು, ನನಗೂ ಖುಷಿ. ಒಂದು ದಿನ ಕೊನೆಯ ಬೆಂಚಿನ ಹುಡುಗಿ ಎದ್ದು, ‘ಸರ್ರ, ಆ ಎಂಜಿನಿಯರ್ ಹೆಸರೇನ್ರಿ?’ ಅಂದಳು. ನನಗೆ ಗೊತ್ತಿರಲಿಲ್ಲ. ಹುಡುಕಿಕೊಂಡು ಹೋದರೆ ಹಳೆಯ ಗ್ಯಾಸೆಟಿಯರ್ ಕೂಡ ಅದನ್ನು ಜನರ ಹೇಳಿಕೆಯಾಗಿಯೇ ಕೊಟ್ಟಿದೆ. ಪೂರ್ವದ ಬಾಗಿಲ ಬಳಿಯ ಗೋರಿ ಅವನದು ಎಂದು ಕೆಲವರು, ಅಲ್ಲ, ಸಂತರೊಬ್ಬರದು ಎಂದು ಇನ್ನು ಕೆಲವರು. ಆ ಕಥೆಯನ್ನು ಈಗಲೂ ಹೇಳುತ್ತೇನೆ, ‘ಅಂತೆ’ ಸೇರಿಸಿ ಹೇಳುತ್ತೇನೆ. ಕನ್ನಡದಲ್ಲಿ ಈ ‘ಅಂತೆ’ ಎಷ್ಟು ಚೆನ್ನಾದ ಸಲಕರಣೆ ನೋಡಿ. ನಿಮ್ಮ ಪತ್ರದಲ್ಲೇ ‘ಕಟ್ಟಿದ್ದಂತೆ’, ‘ಮಾರುತ್ತಿದ್ದರಂತೆ’ ಎಂದು ಬರೆದಿದ್ದೀರಿ. ವಿಡಿಯೊಗಳು ಮೊದಲು ಕಿತ್ತು ಹಾಕುವುದೇ ಅದನ್ನು.

ಯಾಕೆ ಕಿತ್ತು ಹಾಕುತ್ತವೆ? ಒಂದು ನಿಮಿಷದ ವಿಡಿಯೊದಲ್ಲಿ ಮೊದಲ ಎರಡು ಮೂರು ಸೆಕೆಂಡಿನಲ್ಲಿ ನೋಡುಗನ ಹೆಬ್ಬೆರಳು ನಿಲ್ಲಬೇಕು. ‘ಅಬ್ದುರ್ ರಜಾಕ್ ಹೀಗೆ ಬರೆದಿದ್ದಾನೆ’ ಅಂದರೆ ನಿಲ್ಲುವುದಿಲ್ಲ, ‘ಈ ರಹಸ್ಯ ನಿಮಗೆ ಗೊತ್ತೇ’ ಅಂದರೆ ನಿಲ್ಲುತ್ತದೆ. ಒಂದು ವಿಡಿಯೊ ಓಡಿದರೆ ಅದೇ ಮಾತು, ಅದೇ ಚಿತ್ರ ಹಚ್ಚಿಕೊಂಡು ಹತ್ತು ಬರುತ್ತವೆ. ಹತ್ತು ಕಡೆ ನೋಡಿದ್ದೇವೆ ಅಂತ ನಾವು ನಂಬುತ್ತೇವೆ, ಮೂಲ ಮಾತ್ರ ಒಂದೇ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಈಚೆಗೆ ಓದುವುದೂ ಯಂತ್ರವೇ. ಆನೆಗೊಂದಿಯನ್ನು ‘ಅನೆಗುಂಡಿ’, ಮಸ್ಕಿಯನ್ನು ‘ಮಾಸ್ಕಿ’ ಎಂದು ಓದುವ ದನಿ ಕೇಳಿದರೆ, ಆ ಬರಹ ಬೇರೆ ಭಾಷೆಯಿಂದ ಎತ್ತಿದ್ದು, ಬರೆದವರು ಈ ಕಡೆ ಕಾಲಿಟ್ಟಿಲ್ಲ ಎಂದು ಧಾರಾಳವಾಗಿ ಅನುಮಾನಪಡಬಹುದು. ನಿಮ್ಮ ಮಗನಿಗೆ ಈ ಒಂದು ಉಪಾಯ ಹೇಳಿಕೊಡಿ, ಅವನಿಗೆ ಮಜಾ ಬರುತ್ತದೆ.

ಚಿತ್ರಗಳದ್ದು ಇನ್ನೂ ಫಜೀತಿ. ಈಗ ಕೃಷ್ಣದೇವರಾಯ ಎಂದರೆ ಯಂತ್ರ ಬರೆದ ಚಿತ್ರ: ಜಿಮ್ಮಿಗೆ ಹೋದ ಮೈಕಟ್ಟು, ಸಿನಿಮಾ ಮೀಸೆ, ಹಿಂದೆ ಮೋಡ. ಅವನನ್ನು ಹತ್ತಿರದಿಂದ ಕಂಡಿದ್ದ ಪಾಯಸ್ ಬರೆದದ್ದು ಬೇರೆ: ಮಧ್ಯಮ ಎತ್ತರ, ಒಳ್ಳೆಯ ಬಣ್ಣ, ತೆಳ್ಳಗೆ ಅನ್ನುವುದಕ್ಕಿಂತ ಕೊಂಚ ದಪ್ಪ ಅನ್ನಬಹುದಾದ ಮೈ, ಮುಖದ ಮೇಲೆ ಸಿಡುಬಿನ ಕಲೆ. ಆ ಕಲೆ ಓದಿದಾಗ ನನಗೆ ರಾಯ ಮೊದಲ ಸಲ ಮನುಷ್ಯನಾಗಿ ಕಂಡ. ತಿರುಮಲದಲ್ಲಿ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತ ಅವನ ಲೋಹದ ಪ್ರತಿಮೆ ಇದೆ, ಫೋಟೊ ಸುಲಭವಾಗಿ ಸಿಗುತ್ತದೆ. ಅದನ್ನೂ ಯಂತ್ರದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಮಗನಿಗೆ ತೋರಿಸಿ, ನೀವೇನೂ ಹೇಳಬೇಡಿ.

ಇಷ್ಟು ಹೇಳಿದ ಮೇಲೂ ಮೊಬೈಲನ್ನೇ ದೂರುವುದಕ್ಕೆ ನನಗೆ ಮನಸ್ಸಿಲ್ಲ. ನಮ್ಮ ಸೀಮೆಯ ಇತಿಹಾಸ ಕನ್ನಡದ ಓದುಗನ ಕೈಗೆ ಸಿಗುತ್ತಲೇ ಇರಲಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿನ ಕನ್ನಡ ಶಾಸನಗಳು ದಕ್ಷಿಣ ಭಾರತದ ಶಾಸನಗಳ ಒಂಬತ್ತನೇ ಸಂಪುಟವಾಗಿ 1939 ಮತ್ತು 1941ರಲ್ಲಿ ಅಚ್ಚಾದವು, ಟಿಪ್ಪಣಿಯೆಲ್ಲ ಇಂಗ್ಲಿಷಿನಲ್ಲಿ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿಗೆ. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಾಗ ಅದರ ಪುಸ್ತಕ ಬಂದದ್ದೂ ಇಂಗ್ಲಿಷಿನಲ್ಲೇ. ಹಂಪಿ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದ ಮೇಲೆ ಸ್ಥಿತಿ ಸುಧಾರಿಸಿತು, ಆದರೆ ಅವು ಎಷ್ಟು ಹಳ್ಳಿಯ ಗ್ರಂಥಾಲಯದಲ್ಲಿವೆ? ಪಠ್ಯಪುಸ್ತಕದಲ್ಲಿ ವಿಜಯನಗರಕ್ಕೆ ಕೆಲವು ಪುಟ, ನಿಮ್ಮೂರಿಗೆ ಒಂದು ಸಾಲೂ ಇಲ್ಲ. ಖಾಲಿ ಜಾಗಕ್ಕೆ ಯಾರೋ ಬರುತ್ತಾರೆ, ವಿಡಿಯೊದವರು ಬಂದರು.

ಅದೇ ಮೊಬೈಲಿನಲ್ಲಿ ಮೇಲಿನ ಸಂಪುಟಗಳೂ ಪುಕ್ಕಟೆ ತೆರೆದುಕೊಳ್ಳುತ್ತವೆ. ಅವುಗಳ ಒಂದು ಪುಟಕ್ಕಾಗಿ ನಾನು ಮೈಸೂರಿನ ಶಾಸನ ಕಚೇರಿಗೆ ರಾತ್ರಿ ಬಸ್ಸು ಹಿಡಿದು ಹೋಗಿದ್ದುಂಟು. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಫೋಟೊ ತೆಗೆದಿದ್ದ. 50 ರೂಪಾಯಿ ನೋಟಿನ ಮೇಲಿರುವ ವಿಠ್ಠಲ ಗುಡಿಯ ಕಲ್ಲಿನ ರಥ ಆ ಫೋಟೊದಲ್ಲಿ ಬೇರೆಯೇ ಕಾಣುತ್ತದೆ, ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಇಲ್ಲ. ಮುಂದೆ ನಿಂತ ಆನೆಗಳೂ ಮೊದಲಿನವಲ್ಲ. ಬಗ್ಗಿ ನೋಡಿದರೆ ಅವುಗಳ ಹಿಂದೆ ಕಡಿದುಹೋದ ಕುದುರೆಗಳ ಹಿಂಗಾಲು ಕಾಣುತ್ತವೆ. ನೋಟು, ಹಳೆಯ ಫೋಟೊ, ಇವತ್ತಿನ ರಥ ಮೂರನ್ನೂ ಹೋಲಿಸುವುದು ಒಂಬತ್ತನೇ ಕ್ಲಾಸಿನ ಹುಡುಗನಿಗೆ ಆಗದ ಕೆಲಸವಲ್ಲ. ರಹಸ್ಯ ಬೇಕಿದ್ದವನಿಗೆ ಇದಕ್ಕಿಂತ ಒಳ್ಳೆಯ ರಹಸ್ಯ ಎಲ್ಲಿ ಸಿಗುತ್ತದೆ?

ಇನ್ನೊಂದು ಬಗೆಯ ವಿಡಿಯೊ ಇದೆ, ಅದರ ಬಗ್ಗೆ ಮಾತ್ರ ಗಟ್ಟಿಯಾಗಿ ಎಚ್ಚರಿಸುತ್ತೇನೆ. 1520ರ ರಾಯಚೂರಿನ ಯುದ್ಧ, 1565ರ ರಕ್ಕಸತಂಗಡಗಿ ಯುದ್ಧ ಎರಡನ್ನೂ ಇವತ್ತಿನ ಎರಡು ಕೋಮಿನ ಹೊಡೆದಾಟದಂತೆ ತೋರಿಸಿ ಕೊನೆಗೆ ಪಕ್ಕದ ಓಣಿಯವರ ಕಡೆ ಬೆರಳು ತೋರಿಸುವಂಥವು. ಇಮ್ಮಡಿ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡಿದ್ದ. ಅಳಿಯ ರಾಮರಾಯ ಬಿಜಾಪುರದ ಆದಿಲ್ ಶಾಹನ ಜೊತೆ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ಸುಲ್ತಾನರ ದಂಡಿನಲ್ಲಿ ಮರಾಠರಿದ್ದರು. ಹಂಪಿ ಹಾಳಾದದ್ದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಇಂಥದ್ದನ್ನು ಮಗ ಮುಂದಕ್ಕೆ ಕಳಿಸುತ್ತಿದ್ದರೆ ಅಲ್ಲಿ ನೀವು ಅಡ್ಡ ನಿಲ್ಲಲೇಬೇಕು. ರತ್ನದ ಸುಳ್ಳಿನಿಂದ ಯಾರ ತಲೆಯೂ ಒಡೆಯುವುದಿಲ್ಲ, ಇದರಿಂದ ಒಡೆಯುತ್ತದೆ.

ಮೊಬೈಲ್ ಕಸಿಯಬೇಕೋ ಬೇಡವೋ ಎಂದು ಕೇಳಿದ್ದೀರಿ. ಕಸಿದರೆ ಗೆಳೆಯನ ಮೊಬೈಲಿನಲ್ಲಿ ನೋಡುತ್ತಾನೆ, ಏನು ನೋಡುತ್ತಾನೆ ಎಂಬುದೂ ಆಗ ನಿಮಗೆ ತಿಳಿಯುವುದಿಲ್ಲ. ಸುಮ್ಮನೆ ಬಿಟ್ಟರೆ ಹಾರೆ ಹಿಡಿದವರ ಹಿಂದೆ ಹೋಗುವ ಅಪಾಯ ಈಗಲೇ ಕಾಣುತ್ತಿದೆ. ಗ್ರೂಪಿನಲ್ಲಿ ವಾದಕ್ಕೆ ಇಳಿಯುವುದು ಮೂರನೆಯ ದಾರಿ. ನಾನು ಇಳಿದು ನೋಡಿದ್ದೇನೆ, ಬೇಡ. ನಾಲ್ಕು ಜನರ ಎದುರು ತಪ್ಪು ಎನಿಸಿಕೊಂಡವರು ಅದನ್ನೇ ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ. ಗುಡಿಯ ಪೂಜಾರಿ, ಪಂಚಾಯ್ತಿ ಸದಸ್ಯರು, ವಿಡಿಯೊ ಹಂಚಿದ ಹುಡುಗರಲ್ಲಿ ತಿಳಿವಳಿಕೆ ಇರುವ ಒಬ್ಬ, ಇವರನ್ನು ಅಂಗಡಿಗೆ ಕರೆದು ಚಹಾ ಕುಡಿಸಿ ಕ್ರಯಪತ್ರ ತೋರಿಸಿದರೆ ಅದಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

ಚಾನೆಲ್ ಮಾಡಲಿ. ನನ್ನ ಮನಸ್ಸು ಆ ಕಡೆಗೇ ಇದೆ. ತಾನೇ ಮಾಡಲು ಹೊರಟವನು ಇನ್ನೊಬ್ಬರ ವಿಡಿಯೊವನ್ನು ಮೊದಲಿನಂತೆ ಬಾಯಿ ಬಿಟ್ಟುಕೊಂಡು ನೋಡುವುದಿಲ್ಲ. ಅಪಾಯಗಳಿವೆ, ಅವನ್ನೂ ಹೇಳುತ್ತೇನೆ. ಹೊಲದಲ್ಲಿ, ಗುಡ್ಡದಲ್ಲಿ ಒಂಟಿಯಾಗಿ ನಿಂತ ಕಲ್ಲುಗಳ ಜಾಗವನ್ನು ಬಹಿರಂಗಪಡಿಸಬಾರದು, ನಿಧಿಗಳ್ಳರಿಗೆ ಅದೇ ಆಹ್ವಾನ. ಮೊಬೈಲಿನ ಫೋಟೊದೊಳಗೆ ಜಾಗದ ಗುರುತು ತಾನಾಗಿಯೇ ಸೇರಿಕೊಳ್ಳುತ್ತದೆ, ಕ್ಯಾಮೆರಾದಲ್ಲಿ ಲೊಕೇಶನ್ ಬಂದ್ ಮಾಡಿಸಿ. ಹಿರೇಬೆಣಕಲ್ ಗುಡ್ಡಕ್ಕೆ ಒಬ್ಬನೇ ಹೋಗುವುದು ಬೇಡ, ದಾರಿ ಗೊತ್ತಿರುವವರ ಜೊತೆ ಬೆಳಗ್ಗೆಯೇ ಹೋಗಲಿ. ಆ ಸಾಲಿನ ಗುಡ್ಡಗಳಲ್ಲಿ ಕರಡಿಗಳಿವೆ. ಇನ್ನು, ಶಾಸನದಲ್ಲಿ ಯಾವ ಕುಲದವರ ಹೆಸರು ಬಂದರೂ ಇವತ್ತು ಒಬ್ಬರು ಹಿಗ್ಗುತ್ತಾರೆ, ಇನ್ನೊಬ್ಬರು ಕೆರಳುತ್ತಾರೆ. ಪೂರ್ತಿ ಓದಿಸದೆ ಅರ್ಧ ಸಾಲು ಹಾಕಬಾರದು. ನಿಮ್ಮೂರ ಕಲ್ಲಿಗೆ ಆಗಿದ್ದೂ ಅದೇ ತಾನೆ.

ಊರ ಹೆಮ್ಮೆಯ ವಿಡಿಯೊ ಮಾಡುವಾಗಲೂ ಸ್ವಲ್ಪ ಕೈ ಬಿಗಿ ಇರಲಿ. ‘ಅಶೋಕ ಯಾರೆಂದು ಜಗತ್ತಿಗೆ ಮೊದಲು ಹೇಳಿದ್ದು ಮಸ್ಕಿ’ ಎಂದು ನಮ್ಮವರೇ ಹಾಕುತ್ತಾರೆ. ಶಾಸನಗಳಲ್ಲಿ ತನ್ನನ್ನು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದು ಕರೆದುಕೊಂಡ ರಾಜ ಅಶೋಕನೇ ಇರಬೇಕು ಎಂದು 1837ರಲ್ಲೇ ಸಿಂಹಳದ ಗ್ರಂಥಗಳಿಂದ ಟರ್ನರ್ ಹೇಳಿದ್ದ. ಮಸ್ಕಿಯ ಕಲ್ಲು ಅದನ್ನು ಹೆಸರು ಸಮೇತ ಖಾತ್ರಿ ಮಾಡಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳ್ಳಗಳಲ್ಲೂ ಆ ಹೆಸರು ಸಿಕ್ಕಿತು. ಅಶೋಕ ಎಂಬ ಹೆಸರಿರುವ ಅವನ ಶಾಸನಗಳು ನಾಲ್ಕೇ ಕಡೆ, ಅದರಲ್ಲಿ ಮೂರು ನಮ್ಮ ಎರಡು ಜಿಲ್ಲೆಗಳವು. ಇದಕ್ಕೆ ಉಪ್ಪುಖಾರ ಹಚ್ಚುವ ಅಗತ್ಯ ಇದೆಯೇ?

ಅವನ ಮೊದಲ ವಿಡಿಯೊ ನಿಮ್ಮೂರ ಕಲ್ಲಿನದ್ದೇ ಆಗಲಿ, ಆದರೆ ಮೊದಲು ಕಲ್ಲು ಚೊಕ್ಕಟವಾಗಬೇಕು. ಆ್ಯಸಿಡ್ ಬೇಡ, ತಂತಿ ಬ್ರಶ್ ಬೇಡ, ಅಕ್ಷರದ ಗೆರೆಯಲ್ಲಿ ಮೊಳೆ ಆಡಿಸುವುದಂತೂ ಬೇಡವೇ ಬೇಡ. ಎಣ್ಣೆ ಕುಡಿದ ಕಲ್ಲಿಗೆ ನೀವು ಮಾಡಬಹುದಾದದ್ದು ತಣ್ಣೀರು, ಮೆತ್ತನೆಯ ಬ್ರಶ್, ಇನ್ನೊಂದು ಸಲ ಎಣ್ಣೆ ಹಚ್ಚದಂತೆ ಪೂಜಾರಿಯವರಿಗೆ ಒಂದು ಮಾತು. ಉಳಿದದ್ದನ್ನು ಪುರಾತತ್ತ್ವ ಇಲಾಖೆಯವರು ನೋಡಿಕೊಳ್ಳಲಿ, ಅವರಿಗೊಂದು ಅರ್ಜಿ ಬರೆಯಿರಿ. ಅರ್ಜಿ ಕೊಟ್ಟ ಸುದ್ದಿ ಊರಲ್ಲಿ ಹರಡಿದರೇ ಅರ್ಧ ಕಾವಲು ಆದಂತೆ.

ಆಮೇಲೆ ಒಂದು ಸಂಜೆ, ಕತ್ತಲಾದ ಮೇಲೆ, ಮಗನನ್ನು ಕರೆದುಕೊಂಡು ಹೋಗಿ. ಗುಡಿಯ ದೀಪ ಆರಿಸಿಸಿ. ಒಬ್ಬರು ಮೊಬೈಲ್ ಟಾರ್ಚನ್ನು ಕಲ್ಲಿನ ಎದುರಿಗಲ್ಲ, ಪಕ್ಕಕ್ಕೆ, ಕಲ್ಲಿಗೆ ತಾಗುವಷ್ಟು ಹತ್ತಿರ ಓರೆಯಾಗಿ ಹಿಡಿಯಿರಿ, ಇನ್ನೊಬ್ಬರು ಎದುರಿನಿಂದ ಫೋಟೊ ತೆಗೆಯಿರಿ. ಹಗಲು ಸವೆದಂತೆ ಕಂಡ ಅಕ್ಷರದೊಳಗೆ ನೆರಳು ತುಂಬಿ ಸಾಲುಸಾಲಾಗಿ ಮೇಲೇಳುತ್ತದೆ. ಅರಿಶಿನಕ್ಕಿಂತ ಚೆನ್ನಾಗಿ ಕಾಣುತ್ತದೆ. ಟಾರ್ಚನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸರಿಸಿ ಪ್ರತಿ ಸಾಲಿಗೆ ಮೂರು ಫೋಟೊ ತೆಗೆದು ನನಗೆ ಕಳಿಸಿ. ದಾನ ಕೊಟ್ಟವರ ಹೆಸರು, ಶಕವರ್ಷ ಮೇಲಿನ ಸಾಲುಗಳಲ್ಲಿರಬೇಕು, ಅವು ಸ್ಪಷ್ಟವಾಗಿ ಬರಲಿ. ಕೆಳಗಿನ ಎರಡು ಸಾಲು ಮಣ್ಣಿನೊಳಗೆ ಹೋಗಿವೆ, ಅದಕ್ಕಾಗಿ ನೀವೂ ಅಗೆಯಬೇಡಿ.

ಅಲ್ಲೇನಿರುತ್ತದೆ ಎಂದು ಬೇಕಿದ್ದರೆ ಈಗಲೇ ಹೇಳಬಲ್ಲೆ, ಇಂಥ ಶಾಸನಗಳು ಸಾಮಾನ್ಯವಾಗಿ ಮುಗಿಯುವುದೇ ಆ ಶ್ಲೋಕದಿಂದ: ತಾನು ಕೊಟ್ಟದ್ದಾಗಲಿ, ಇನ್ನೊಬ್ಬರು ಕೊಟ್ಟದ್ದಾಗಲಿ, ಈ ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ನಿಧಿಯ ಸಾಲನ್ನು ಹಂಚಿದ ಗ್ರೂಪಿನಲ್ಲಿ ಇದನ್ನೂ ಹಾಕಿಸಿ.